ಆಟವಾಡಿ ಬಂದ ಮಗನಿಗೆ ಊಟ ಬೇಡ, ಓಡುವ ಮಗಳಿಗೆ ಹಸಿವಿಲ್ಲ: ಹದಿಹರೆಯದಲ್ಲಿ ವ್ಯಾಯಾಮಕ್ಕೂ ಹಸಿವಿಗೂ ಇರುವ ನಂಟೇನು?

ಹೇಮಾವತಿ ತೀರ, ಹಾಸನ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ದಿನವೂ ಊಟದ ಹೊತ್ತಿಗೆ ಏಳುವ ಒಂದು ಪ್ರಶ್ನೆಗೆ ತಿಳಿದವರಿಂದ ಉತ್ತರ ಬೇಕಾಗಿದೆ. ನನ್ನ ಮಗನಿಗೆ ಹದಿನಾಲ್ಕು ವರ್ಷ, ಮಗಳಿಗೆ ಹದಿನಾರು ನಡೆಯುತ್ತಿದೆ. ಮಗ ಚಿಕ್ಕಂದಿನಿಂದಲೂ ಮೈ ತುಂಬಿಕೊಂಡವನು. ಈ ವರ್ಷ ಶಾಲೆ ಆರಂಭವಾದಾಗಿನಿಂದ ಸಂಜೆ ಫುಟ್‌ಬಾಲ್ ತರಬೇತಿಗೆ ಹೋಗುತ್ತಿದ್ದಾನೆ. ಮಗಳು 1500 ಮತ್ತು 3000 ಮೀಟರ್ ಓಟಗಳಲ್ಲಿ ತಾಲ್ಲೂಕು ದಾಟಿ ಜಿಲ್ಲಾ ಮಟ್ಟದವರೆಗೆ ಹೋದವಳು; ಬೆಳಿಗ್ಗೆ ಇನ್ನೂ ಕತ್ತಲೆ ಇರುವಾಗಲೇ ಕ್ರೀಡಾಂಗಣಕ್ಕೆ ಹೊರಡುತ್ತಾಳೆ.

ಆಡಿ ಬಂದ ಮಕ್ಕಳಿಗೆ ಹಸಿವು ಹೆಚ್ಚು ಎಂದೇ ನಾವೆಲ್ಲ ಕೇಳಿ ಬೆಳೆದವರು. ನನ್ನ ಮಗನಲ್ಲಿ ಕಾಣುತ್ತಿರುವುದು ಬೇರೆ. ತರಬೇತುದಾರರು ಚೆನ್ನಾಗಿ ಓಡಿಸಿದ ದಿನ ಅವನು ಬಂದು ನೀರು ಕುಡಿದು ಕುಳಿತುಬಿಡುತ್ತಾನೆ, ಮುದ್ದೆ ಮುರಿಯಲೂ ಮನಸ್ಸು ಮಾಡುವುದಿಲ್ಲ. ಸುಮ್ಮನೆ ಗಲ್ಲಿಯಲ್ಲಿ ಕ್ರಿಕೆಟ್ ಆಡಿ ಬಂದ ದಿನ ಎಂದಿನಂತೆ ಉಣ್ಣುತ್ತಾನೆ. ಪರೀಕ್ಷೆ ಹತ್ತಿರ ಬಂದು ಆಟ ನಿಂತ ದಿನಗಳಲ್ಲಂತೂ ಪುಸ್ತಕದ ಪಕ್ಕದಲ್ಲಿ ಚಕ್ಕುಲಿ ಡಬ್ಬಿ ಇರಲೇಬೇಕು. ಮಗಳು ಓಟ ಮುಗಿಸಿ ಬಂದು ಅರ್ಧ ಚಪಾತಿ ತಿಂದು ಶಾಲೆಯ ಬಸ್ಸು ಹತ್ತುತ್ತಾಳೆ. ಒತ್ತಾಯಿಸಿದರೆ ಹಸಿವಿಲ್ಲ ಎನ್ನುತ್ತಾಳೆ.

ನಮ್ಮ ಅತ್ತೆಯವರು, ಇದು ಕಲ್ಲು ತಿಂದರೂ ಅರಗಿಸಿಕೊಳ್ಳುವ ವಯಸ್ಸು, ಮಕ್ಕಳಿಗೆ ಏನೋ ಆಗಿದೆ ಎಂದು ಕೊರಗುತ್ತಿದ್ದಾರೆ. ಯಜಮಾನರು, ಮಗ ಸ್ವಲ್ಪ ಕಡಿಮೆ ತಿಂದರೆ ಒಳ್ಳೆಯದೇ ಆಯಿತು ಎನ್ನುತ್ತಾರೆ. ವ್ಯಾಯಾಮ ಈ ವಯಸ್ಸಿನವರ ಹಸಿವನ್ನು ಹೆಚ್ಚಿಸುತ್ತದೆಯೇ, ತಗ್ಗಿಸುತ್ತದೆಯೇ? ಊಟ ಬೇಡ ಎಂದಾಗ ಒತ್ತಾಯ ಮಾಡಬೇಕೇ, ಬಿಡಬೇಕೇ? ಇಬ್ಬರಿಗೂ ಒಂದೇ ಉತ್ತರವಾದೀತೇ?

ಪಥ್ಯಾಪಥ್ಯ, ಮೈಸೂರು

ನಮಸ್ಕಾರ. ನಾನು ಆಹಾರತಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ, ಮಕ್ಕಳನ್ನೇ ಹೆಚ್ಚಾಗಿ ನೋಡುತ್ತೇನೆ. ಇಬ್ಬರಿಗೂ ಒಂದೇ ಉತ್ತರ ಆಗದು. ಮೊದಲು ಮಗನ ವಿಷಯ ಬರೆಯುತ್ತೇನೆ, ಏಕೆಂದರೆ ಅವನಲ್ಲಿ ನೀವು ಕಂಡಿರುವ ಮೂರು ಸಂಗತಿಗಳೂ ಸಂಶೋಧಕರು ಪ್ರಯೋಗಾಲಯದಲ್ಲಿ ಕಂಡಂಥವೇ ಆಗಿವೆ.

ಏದುಸಿರು ಬರುವಷ್ಟು ಶ್ರಮವಾದಾಗ, ಆ ಹೊತ್ತಿನಲ್ಲಿ ಮತ್ತು ಅದರ ನಂತರದ ಸ್ವಲ್ಪ ಸಮಯದವರೆಗೆ, ಹಸಿವು ತಗ್ಗುವುದು ಸಹಜ. ಜಠರದಿಂದ ಹೊರಟು ಮಿದುಳಿಗೆ ಹಸಿವಿನ ಸೂಚನೆ ಮುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಅವರ ತಂಡ ಪತ್ತೆ ಮಾಡಿತು. ತೀವ್ರ ವ್ಯಾಯಾಮ ಮಾಡಿದಾಗ ಇದರ ಸಕ್ರಿಯ ರೂಪ ರಕ್ತದಲ್ಲಿ ಕಡಿಮೆಯಾಗುತ್ತದೆ. ಅದೇ ವೇಳೆಗೆ ಕರುಳಿನಿಂದ ಬಂದು ಹೊಟ್ಟೆ ತುಂಬಿದ ಭಾವ ಉಂಟುಮಾಡುವ ಪಿವೈವೈ, ಜಿಎಲ್‌ಪಿ-1 ಎಂಬ ಹಾರ್ಮೋನುಗಳು ಏರುತ್ತವೆ. ಜೊತೆಗೆ ರಕ್ತವು ಜೀರ್ಣಾಂಗಗಳಿಂದ ಕಾಲಿನ ಸ್ನಾಯುಗಳ ಕಡೆಗೆ ಹೆಚ್ಚಾಗಿ ಹರಿದಿರುತ್ತದೆ, ಮೈ ಬಿಸಿಯಾಗಿರುತ್ತದೆ. 2022ರಲ್ಲಿ ಅಮೆರಿಕದ ಸಂಶೋಧಕರು, ವ್ಯಾಯಾಮದ ನಂತರ ರಕ್ತದಲ್ಲಿ ಹೆಚ್ಚುವ ಲ್ಯಾಕ್-ಫೆ ಎಂಬ ಇನ್ನೊಂದು ಅಣುವು ಇಲಿಗಳ ಆಹಾರ ಸೇವನೆಯನ್ನು ತಗ್ಗಿಸುತ್ತದೆ ಎಂದು ತೋರಿಸಿದರು. ಈ ಅಣು ಮನುಷ್ಯರಲ್ಲಿಯೂ, ರೇಸಿನ ಕುದುರೆಗಳಲ್ಲಿಯೂ ಓಟದ ನಂತರ ಏರುತ್ತದೆ. ಈ ಪರಿಣಾಮಗಳು ಬಹುಮಟ್ಟಿಗೆ ಅಲ್ಪಾವಧಿಯವು. ಗಲ್ಲಿ ಕ್ರಿಕೆಟ್ಟಿನಂಥ ಹಗುರ ಆಟದಲ್ಲಿ ಇವು ಅಷ್ಟಾಗಿ ಕಾಣುವುದಿಲ್ಲ. ನಿಮ್ಮ ಮಗ ಆ ದಿನಗಳಲ್ಲಿ ಎಂದಿನಂತೆ ಉಣ್ಣುವುದಕ್ಕೆ ಕಾರಣ ಇದೇ ಇರಬೇಕು.

ಹಸಿವು ಎಷ್ಟಿದೆ ಎಂಬುದು ಒಂದು ಪ್ರಶ್ನೆ, ಎಷ್ಟು ತಿಂದರು ಎಂಬುದು ಇನ್ನೊಂದು ಪ್ರಶ್ನೆ. ಹದಿಹರೆಯದವರಲ್ಲಿ ಇವೆರಡೂ ಒಟ್ಟಿಗೇ ಏರಿ ಇಳಿಯಬೇಕೆಂದೇನೂ ಇಲ್ಲ. ಫ್ರಾನ್ಸಿನ ಕ್ಲೆರ್ಮೋಂ-ಫೆರಾಂ ನಗರದಲ್ಲಿ ಡೇವಿಡ್ ಥಿವೆಲ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಬಹಳ ಬೆಲೆಯುಳ್ಳದ್ದು. ಬೊಜ್ಜು ಇರುವ ಹದಿಹರೆಯದ ಹುಡುಗರನ್ನು, ದೇಹ ಖರ್ಚು ಮಾಡುವ ಶಕ್ತಿಯನ್ನು ಅಳೆಯಬಲ್ಲ ಮುಚ್ಚಿದ ಕೋಣೆಗಳಲ್ಲಿ ಒಂದಿಡೀ ದಿನದಂತೆ ಮೂರು ಬೇರೆ ಬೇರೆ ದಿನ ಇರಿಸಿದರು. ಒಂದು ದಿನ ವಿಶ್ರಾಂತಿ, ಒಂದು ದಿನ ಹಗುರವಾದ ವ್ಯಾಯಾಮ, ಮತ್ತೊಂದು ದಿನ ತೀವ್ರವಾದ ವ್ಯಾಯಾಮ. ಎರಡೂ ವ್ಯಾಯಾಮಗಳಲ್ಲಿ ಖರ್ಚಾಗುವ ಶಕ್ತಿ ಒಂದೇ ಇರುವಂತೆ ಅವಧಿಯನ್ನು ಹೊಂದಿಸಿದ್ದರು. ಊಟವನ್ನು ಹುಡುಗರು ತಮಗೆ ಬೇಕಾದಷ್ಟು ತೆಗೆದುಕೊಳ್ಳಬಹುದಿತ್ತು. ತೀವ್ರ ವ್ಯಾಯಾಮದ ದಿನ ಅವರು ಒಟ್ಟಾರೆ ಕಡಿಮೆ ತಿಂದರು. ಆದರೆ ನಿಮಗೆಷ್ಟು ಹಸಿವಾಗಿದೆ ಎಂದು ಕೇಳಿ ಗುರುತಿಸಿದ ಅಂಕಗಳಲ್ಲಿ ಮೂರು ದಿನಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಹಸಿವು ಕಡಿಮೆಯಾಯಿತೆಂದು ಅವರಿಗೇ ಅನಿಸದೆ, ತಿನ್ನುವ ಪ್ರಮಾಣ ಮಾತ್ರ ಇಳಿದಿತ್ತು. ಸಾಮಾನ್ಯ ತೂಕದ ಮಕ್ಕಳಲ್ಲಿ ಈ ಇಳಿಕೆ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ವ್ಯಾಯಾಮ ಮಾಡಿದ ದಿನವೂ ಮಾಡದ ದಿನವೂ ಅವರು ಹೆಚ್ಚುಕಡಿಮೆ ಅಷ್ಟೇ ತಿನ್ನುತ್ತಾರೆ ಎಂಬುದು ಹಲವು ಅಧ್ಯಯನಗಳ ಒಲವು.

ಹಾಗೆಂದು ನಿಮ್ಮ ಯಜಮಾನರು ಬೇಗ ಹಿಗ್ಗುವುದು ಬೇಡ. ಇವೆಲ್ಲ ಒಂದು ದಿನದ, ಹೆಚ್ಚೆಂದರೆ ಕೆಲವು ದಿನಗಳ ಲೆಕ್ಕ. ತಿಂಗಳುಗಟ್ಟಲೆ ತರಬೇತಿ ನಡೆದಾಗ ದೇಹವು ಕಳೆದುಕೊಂಡದ್ದರಲ್ಲಿ ಒಂದು ಪಾಲನ್ನು ಊಟದ ಮೂಲಕ ಮೆಲ್ಲಗೆ ವಸೂಲು ಮಾಡಿಕೊಳ್ಳುವುದುಂಟು. ಎಷ್ಟು ವಸೂಲಾಗುತ್ತದೆ ಎಂಬುದು ಮಗುವಿನಿಂದ ಮಗುವಿಗೆ ಬೇರೆ. ಒಂದೇ ತಂಡದಲ್ಲಿ ಆಡುವ ಇಬ್ಬರಲ್ಲಿ ಒಬ್ಬನ ತೂಕ ಇಳಿದು ಇನ್ನೊಬ್ಬನದು ಅಲ್ಲೇ ನಿಂತರೆ ಅದರಲ್ಲಿ ಆಶ್ಚರ್ಯವಿಲ್ಲ, ಅದು ಯಾರ ತಪ್ಪೂ ಅಲ್ಲ.

ಪರೀಕ್ಷೆಯ ದಿನಗಳ ಚಕ್ಕುಲಿ ಡಬ್ಬಿಯ ವಿಚಾರ ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. 2011ರಲ್ಲಿ ಡೆನ್ಮಾರ್ಕಿನಲ್ಲಿ ಹದಿಹರೆಯದ ಹುಡುಗರ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಒಂದು ಗಂಟೆ ವಿಡಿಯೋ ಗೇಮ್ ಆಡಿದವರು ಅಷ್ಟೇ ಹೊತ್ತು ಸುಮ್ಮನೆ ಕುಳಿತಿದ್ದ ದಿನಕ್ಕಿಂತ ನಂತರದ ಊಟದಲ್ಲಿ ಹೆಚ್ಚು ತಿಂದರು, ಹೆಚ್ಚು ಹಸಿವಾಗಿದೆ ಎಂದು ಅವರಿಗೆ ಅನಿಸದಿದ್ದರೂ. ಕುಳಿತು ತಲೆಗೆ ಕೆಲಸ ಕೊಡುವ ಓದು ಬರಹದ ನಂತರವೂ ಸೇವನೆ ಏರುವುದನ್ನು ಬೇರೆ ಅಧ್ಯಯನಗಳು ತೋರಿಸಿವೆ. ಇದರ ಹಳೆಯ ಸುಳಿವು ನಮ್ಮ ದೇಶದಿಂದಲೇ ಬಂದದ್ದು. 1956ರಲ್ಲಿ ಜಾನ್ ಮೇಯರ್ ಮತ್ತು ಭಾರತೀಯ ಸಂಗಡಿಗರು ಪಶ್ಚಿಮ ಬಂಗಾಳದ ಒಂದು ಸೆಣಬಿನ ಗಿರಣಿಯ 213 ಮಂದಿಯ ಆಹಾರ, ತೂಕ, ಕೆಲಸಗಳನ್ನು ಹೋಲಿಸಿದಾಗ, ಹಗುರವಾದ ದುಡಿಮೆಯವರಿಗಿಂತ ಕುಳಿತೇ ಇರುವವರು ಹೆಚ್ಚು ತಿನ್ನುತ್ತಿದ್ದರು ಮತ್ತು ಹೆಚ್ಚು ತೂಗುತ್ತಿದ್ದರು. ಅವರು ವಯಸ್ಕರು, ಮತ್ತು ಒಂದೇ ಕಾಲಘಟ್ಟದ ಹೋಲಿಕೆಯಿಂದ ಇದರಿಂದಲೇ ಅದಾಯಿತು ಎಂದು ತೀರ್ಮಾನಿಸಲಾಗದು. ಆದರೂ ಕೂತ ದೇಹ ತನ್ನ ಅಗತ್ಯಕ್ಕೆ ತಕ್ಕಂತೆ ಹಸಿವನ್ನು ಇಳಿಸಿಕೊಳ್ಳುವುದಿಲ್ಲ ಎಂಬ ವಿಚಾರ ಅಲ್ಲಿಂದ ಇಲ್ಲಿಯವರೆಗೆ ಉಳಿದು ಬಂದಿದೆ. ಆದ್ದರಿಂದ ಪರೀಕ್ಷೆಯ ನೆಪದಲ್ಲಿ ಆಟವನ್ನು ಪೂರ್ತಿ ನಿಲ್ಲಿಸಬೇಡಿ.

ಆಡಿ ಬಂದ ಕೂಡಲೇ ತಟ್ಟೆ ಇಡದೆ ಒಂದು ಗಂಟೆ ಬಿಟ್ಟು ಊಟಕ್ಕೆ ಕರೆಯಿರಿ. ಅಷ್ಟರಲ್ಲಿ ಉಪ್ಪು ಹಾಕಿದ ಮಜ್ಜಿಗೆಯನ್ನೋ ಒಂದು ಬಾಳೆಹಣ್ಣನ್ನೋ ಕೊಡಬಹುದು. ಮುದ್ದೆ ಸಾರನ್ನು ಅವನು ಎಷ್ಟು ಕೇಳುತ್ತಾನೋ ಅಷ್ಟು ಬಡಿಸಿ, ಒತ್ತಾಯ ಬೇಡ. ಮಗಳ ಬಗ್ಗೆ ನಿಮ್ಮನ್ನು ಇನ್ನೂ ಕೆಲವು ವಿಷಯ ಕೇಳಬೇಕಿದೆ: ಅವಳ ತೂಕ ಕಳೆದ ವರ್ಷಕ್ಕಿಂತ ಏರಿದೆಯೇ ಇಳಿದಿದೆಯೇ, ಮುಟ್ಟು ತಿಂಗಳಿಗೆ ಸರಿಯಾಗಿ ಆಗುತ್ತಿದೆಯೇ, ಮತ್ತು ತೆಳ್ಳಗಾದರೆ ವೇಗ ಹೆಚ್ಚುತ್ತದೆ ಎಂದು ಯಾರಾದರೂ ಅವಳಿಗೆ ಹೇಳಿದ್ದಾರೆಯೇ?

ಬೆಳಗಿನ ನಡಿಗೆ, ಬೆಂಗಳೂರು

ಮೇಡಂ ಬರೆದದ್ದು ತಿಳಿವಳಿಕೆ ಕೊಟ್ಟಿತು, ಧನ್ಯವಾದಗಳು. ಆದರೆ ಇಷ್ಟೆಲ್ಲ ಹಾರ್ಮೋನುಗಳ ಹಿಂದೆ ಹೋಗುವ ಬದಲು ನೇರವಾಗಿ ಲೆಕ್ಕ ಇಡುವುದು ಸುಲಭವಲ್ಲವೇ ಎಂಬುದು ನನ್ನ ಅಭಿಪ್ರಾಯ. ನಾನು ನನ್ನ ಹದಿಮೂರರ ಮಗನ ಕೈಗೆ ಫಿಟ್‌ನೆಸ್ ಬ್ಯಾಂಡ್ ಕಟ್ಟಿಸಿದ್ದೇನೆ. ಅದು ಎಷ್ಟು ಕ್ಯಾಲರಿ ಖರ್ಚಾಯಿತೆಂದು ತೋರಿಸುತ್ತದೆಯೋ ಅದಕ್ಕೆ ಹೊಂದುವಂತೆ ಸಂಜೆಯ ತಿಂಡಿಯನ್ನು ನಿಗದಿ ಮಾಡುತ್ತೇವೆ. ಬೇಕರಿಯ ಪಫ್ಸ್ ಬೇಕೆಂದರೆ ಮೊದಲು ಅಷ್ಟು ಸೈಕಲ್ ತುಳಿದು ಬಾ ಎನ್ನುತ್ತೇನೆ. ಮಗನಿಗೆ ಶಿಸ್ತು ಬಂದಿದೆ. ಇದರಲ್ಲಿ ತಪ್ಪೇನಾದರೂ ಇದ್ದರೆ ತಿಳಿಸಿ.

ಪಥ್ಯಾಪಥ್ಯ, ಮೈಸೂರು

ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಈ ಕ್ರಮವನ್ನು ನಿಲ್ಲಿಸುವುದು ಒಳ್ಳೆಯದು ಎಂದು ಸ್ಪಷ್ಟವಾಗಿಯೇ ಹೇಳುತ್ತೇನೆ.

ಮೊದಲನೆಯದಾಗಿ ಆ ಬ್ಯಾಂಡಿನ ಕ್ಯಾಲರಿ ಲೆಕ್ಕವನ್ನು ನಂಬುವಂತಿಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಮಣಿಕಟ್ಟಿಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ನಾಡಿಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಅಳೆದವು. ಖರ್ಚಾದ ಶಕ್ತಿಯನ್ನು ಅಳೆಯುವಲ್ಲಿ ಮಾತ್ರ ಅವುಗಳಲ್ಲಿ ಉತ್ತಮವಾದದ್ದೂ ಸರಾಸರಿ ಶೇಕಡಾ 27ರಷ್ಟು ತಪ್ಪಿತು. ಪರೀಕ್ಷೆಗೆ ಒಳಗಾದವರು ವಯಸ್ಕರು. ಬೆಳೆಯುತ್ತಿರುವ ಮಗುವಿನಲ್ಲಿ ಈ ತಪ್ಪು ಕಡಿಮೆಯಾಗುತ್ತದೆ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಎರಡನೆಯದು ಇನ್ನೂ ದೊಡ್ಡ ವಿಷಯ. ಐವತ್ತೈದು ಕಿಲೋ ತೂಕದ ಹುಡುಗ ಒಂದು ಗಂಟೆ ಬಿಡದೆ ಫುಟ್‌ಬಾಲ್ ಆಡಿದರೆ ಸುಮಾರು 350ರಿಂದ 400 ಕಿಲೋಕ್ಯಾಲರಿ ಖರ್ಚಾಗಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪಟ್ಟಿಯಂತೆ 13ರಿಂದ 15 ವರ್ಷದ ಹುಡುಗನ ದಿನದ ಅಗತ್ಯ ಸರಾಸರಿ 2860 ಕಿಲೋಕ್ಯಾಲರಿ, ಅದೇ ವಯಸ್ಸಿನ ಹುಡುಗಿಯದು 2400. ಆಟದ ಖರ್ಚು ದಿನದ ಅಗತ್ಯದ ಏಳನೇ ಒಂದು ಭಾಗದಷ್ಟಾಯಿತು. ಉಳಿದದ್ದೆಲ್ಲ ಉಸಿರಾಟ, ಹೃದಯ ಬಡಿತ, ಓಡಾಟ, ಓದು ಮತ್ತು ಬೆಳವಣಿಗೆಗೆ ಸಲ್ಲಬೇಕಾದದ್ದು. ಹುಡುಗರು ಹದಿನಾಲ್ಕರ ಆಸುಪಾಸಿನಲ್ಲಿ, ಹುಡುಗಿಯರು ಹನ್ನೆರಡರ ಆಸುಪಾಸಿನಲ್ಲಿ ಅತಿ ವೇಗವಾಗಿ ಎತ್ತರ ಬೆಳೆಯುತ್ತಾರೆ. ಆ ಜಿಗಿತದ ಹಿಂದುಮುಂದಿನ ಎರಡು ವರ್ಷಗಳಲ್ಲೇ ವಯಸ್ಕ ಮೂಳೆಯ ಖನಿಜಾಂಶದ ಸುಮಾರು ನಾಲ್ಕನೇ ಒಂದು ಭಾಗ ಶೇಖರವಾಗುತ್ತದೆ. ಅಂಥ ಹೊತ್ತಿನಲ್ಲಿ ತಿನ್ನುವುದಕ್ಕೆ ಮೊದಲು ದುಡಿದು ತೋರಿಸು ಎಂದು ಮಗುವಿಗೆ ಕಲಿಸಿದರೆ, ಊಟವೆಂಬುದು ಅದಕ್ಕೆ ಸಾಲದ ಲೆಕ್ಕಪುಸ್ತಕವಾಗಿಬಿಡುತ್ತದೆ. ತೀವ್ರವಾದ ಆಹಾರ ವೈಕಲ್ಯಗಳಲ್ಲಿ, ತಿಂದದ್ದನ್ನು ಕರಗಿಸಲೆಂದೇ ಗುಟ್ಟಾಗಿ ಅತಿಯಾಗಿ ವ್ಯಾಯಾಮ ಮಾಡುವುದು ಒಂದು ಪರಿಚಿತ ಲಕ್ಷಣ; ಅವು ಹೆಚ್ಚಾಗಿ ಆರಂಭವಾಗುವುದು ಇದೇ ವಯಸ್ಸಿನಲ್ಲಿ.

ಪಫ್ಸ್ ಒಳ್ಳೆಯ ತಿಂಡಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಮನೆಗೆ ತರುವುದನ್ನು ಕಡಿಮೆ ಮಾಡಿ, ಸಾಕು. ಸೈಕಲ್ಲನ್ನು ಅವನು ಸಂತೋಷಕ್ಕಾಗಿ ತುಳಿಯಲಿ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಮಧ್ಯಮದಿಂದ ತೀವ್ರ ಮಟ್ಟದ ದೈಹಿಕ ಚಟುವಟಿಕೆ ಇರಲಿ ಎಂದಿರುವುದು ಹೃದಯ, ಮೂಳೆ, ಮನಸ್ಸು ಎಲ್ಲವನ್ನೂ ಗಮನದಲ್ಲಿ ಇಟ್ಟುಕೊಂಡು. ತಿಂದದ್ದನ್ನು ತೀರಿಸುವುದಕ್ಕಾಗಿ ಅಲ್ಲ.

ಪಿ.ಟಿ. ಮೇಷ್ಟ್ರು, ಹಾವೇರಿ ಜಿಲ್ಲೆ

ಎಲ್ಲರ ಬರಹವನ್ನೂ ಓದಿದೆ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಇಲ್ಲಿ ನಡೆಯುತ್ತಿರುವ ಮಾತು ಬಹುಮಟ್ಟಿಗೆ ಡಬ್ಬಿಯಲ್ಲಿ ಚಕ್ಕುಲಿ ಇರುವ ಮನೆಗಳಿಗೆ ಸಂಬಂಧಿಸಿದ್ದು. ನಮ್ಮ ಕಬಡ್ಡಿ, ಕೊಕ್ಕೊ ಮಕ್ಕಳಲ್ಲಿ ಹಲವರಿಗೆ ಹಸಿವು ಇಳಿಯಿತೇ ಏರಿತೇ ಎಂಬ ಪ್ರಶ್ನೆಗಿಂತ ಮೊದಲು, ಹಸಿವಾದ ಹೊತ್ತಿಗೆ ಏನು ಸಿಗುತ್ತದೆ ಎಂಬ ಪ್ರಶ್ನೆ ಬರುತ್ತದೆ. ಬೆಳಗಿನ ಅಭ್ಯಾಸಕ್ಕೆ ಬರುವ ಮಕ್ಕಳು ಒಂದು ಲೋಟ ಚಹಾ ಕುಡಿದು ಬಂದಿರುತ್ತಾರೆ. ತಾಯಿ ತಂದೆ ಹೊಲಕ್ಕೋ ಕೂಲಿಗೋ ಹೊರಡುವ ಗಡಿಬಿಡಿಯಲ್ಲಿ ರೊಟ್ಟಿ ಆಗಿರುವುದಿಲ್ಲ. ಅಭ್ಯಾಸ ಮುಗಿದ ಕೂಡಲೇ ಹಸಿವು ಕಾಣದಿರುವುದರಿಂದ ಮಕ್ಕಳೂ ಕೇಳುವುದಿಲ್ಲ. ಹಸಿವು ಬರುವ ಹೊತ್ತಿಗೆ ಎರಡನೇ ಪಿರಿಯಡ್ ನಡೆಯುತ್ತಿರುತ್ತದೆ. ಆಗ ತಲೆ ಸುತ್ತುತ್ತದೆ ಎಂದು ಬೆಂಚಿನ ಮೇಲೆ ತಲೆ ಇಟ್ಟು ಮಲಗುವ ಮಕ್ಕಳನ್ನು ತರಗತಿಯ ಶಿಕ್ಷಕರು ಸೋಮಾರಿಗಳು ಎಂದುಕೊಳ್ಳುತ್ತಾರೆ.

ಸರ್ಕಾರದ ಯೋಜನೆಗಳಿಂದ ಇದು ಎಷ್ಟೋ ಸುಧಾರಿಸಿದೆ ಎಂಬುದನ್ನು ಒಪ್ಪಲೇಬೇಕು. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ, 2013ರ ಆಗಸ್ಟಿನಲ್ಲಿ ಬಂದ ಕ್ಷೀರಭಾಗ್ಯದ ಹಾಲು, ಈಚೆಗೆ ಅದರೊಂದಿಗೆ ಸೇರಿದ ರಾಗಿ ಮಾಲ್ಟ್, ಮೊಟ್ಟೆ ಅಥವಾ ಬಾಳೆಹಣ್ಣು, ಇವುಗಳಿಂದ ಮೈದಾನದಲ್ಲಿ ಆಗಿರುವ ವ್ಯತ್ಯಾಸ ನನ್ನಂಥವರ ಕಣ್ಣಿಗೆ ಬೇಗ ಬೀಳುತ್ತದೆ. ನಮ್ಮ ಶಾಲೆಯಲ್ಲಿ ಅಭ್ಯಾಸ ಮಾಡುವ ಮಕ್ಕಳು ಬೆಳಗಿನ ಹಾಲು ಕುಡಿಯುವ ಮೊದಲು ಒಂದು ಹಿಡಿ ನೆನೆಸಿದ ಶೇಂಗಾ ಮತ್ತು ಬೆಲ್ಲ ತಿನ್ನುವಂತೆ ಮಾಡಿದ್ದೇವೆ. ಶೇಂಗಾವನ್ನು ಊರಿನವರೇ ಕೊಡುತ್ತಾರೆ. ದೊಡ್ಡ ತಿಂಡಿಯನ್ನು ಮುಂದಿಟ್ಟರೆ ಓಡಿ ಬಂದ ಮಕ್ಕಳು ಮುಖ ತಿರುಗಿಸುತ್ತಾರೆ, ಆದರೆ ಇದನ್ನು ಮಾತಾಡುತ್ತಾ ಮಾತಾಡುತ್ತಾ ಮುಗಿಸಿಬಿಡುತ್ತಾರೆ.

ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನೂ, ಜಂತುಹುಳುವಿನ ಮಾತ್ರೆಯನ್ನೂ ಮಕ್ಕಳು ನಿಜವಾಗಿ ನುಂಗುತ್ತಾರೆಯೇ ಎಂದು ನೋಡಬೇಕು. ಎಷ್ಟೋ ಹುಡುಗಿಯರು ಹೊಟ್ಟೆ ತೊಳಸುತ್ತದೆ ಎಂದು ಮಾತ್ರೆಯನ್ನು ಕಿಟಕಿಯಿಂದ ಆಚೆ ಎಸೆಯುತ್ತಾರೆ. ಊಟವಾದ ಮೇಲೆ ಕೊಟ್ಟರೆ ಈ ತೊಂದರೆ ಕಡಿಮೆ. ರಕ್ತ ಕಡಿಮೆ ಇರುವ ಹುಡುಗಿಗೆ ಓಡಲು ಉಸಿರು ಸಾಲದು, ತಿನ್ನಲು ಮನಸ್ಸೂ ಬಾರದು.

ಪಣಂಬೂರಿನ ಅಲೆ, ಮಂಗಳೂರು

ಒಂದು ಸಣ್ಣ ಸೇರ್ಪಡೆ. ನನ್ನ ಮಗಳು ಈಜುಪಟು. ಮೇಲಿನವರು ಬರೆದಂತೆ ಆಡಿದ ನಂತರ ಹಸಿವು ಇಳಿಯುವುದನ್ನು ನಾನು ಅವಳಲ್ಲಿ ಕಂಡೇ ಇಲ್ಲ. ಕೊಳದಿಂದ ಮೇಲೆ ಬಂದು ಕೂದಲು ಒರೆಸಿಕೊಳ್ಳುವ ಮೊದಲೇ ಬ್ಯಾಗಿನಲ್ಲಿ ಏನಿದೆ ಎಂದು ಹುಡುಕುತ್ತಾಳೆ. ಕೊಳದ ಬಳಿ ಕಾಯುವ ಇತರ ತಾಯಂದಿರೂ ಇದನ್ನೇ ಹೇಳುತ್ತಾರೆ. ಈಜಿಗೆ ಬೇರೆ ನಿಯಮವಿದೆಯೇ?

ಪಥ್ಯಾಪಥ್ಯ, ಮೈಸೂರು

ಬೇರೆ ನಿಯಮ ಎನ್ನುವಷ್ಟಿಲ್ಲದಿದ್ದರೂ ನಿಮ್ಮ ಅನುಭವಕ್ಕೆ ಆಧಾರವಿದೆ. 2020ರಲ್ಲಿ ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ತಂಡ ಪ್ರಕಟಿಸಿದ ಪ್ರಯೋಗದಲ್ಲಿ, ವಿಶ್ರಾಂತಿ ಪಡೆದ ದಿನಕ್ಕೆ ಹೋಲಿಸಿದರೆ ಈಜಿದ ದಿನ ಜನರು ಮುಂದಿನ ಊಟದಲ್ಲಿ ಹೆಚ್ಚು ತಿಂದರು. ಅದಕ್ಕೂ ಹಿಂದೆ, 2005ರಲ್ಲಿ, ಫ್ಲಾರಿಡಾದ ಸಂಶೋಧಕರು ಜನರನ್ನು ನೀರಿನೊಳಗೆ ಸೈಕಲ್ ತುಳಿಸಿ ನೋಡಿದ್ದರು: 33 ಡಿಗ್ರಿಯ ನೀರಿನಲ್ಲಿ ತುಳಿದವರಿಗಿಂತ 20 ಡಿಗ್ರಿಯ ತಣ್ಣನೆಯ ನೀರಿನಲ್ಲಿ ತುಳಿದಾಗ ನಂತರದ ಸೇವನೆ ಬಹಳ ಹೆಚ್ಚಾಗಿತ್ತು. ಎರಡೂ ವಯಸ್ಕರ ಮೇಲಿನ ಪ್ರಯೋಗಗಳು. ಬಿಸಿಲಿನಲ್ಲಿ ಓಡಿದಾಗ ಏರುವ ಮೈಯ ತಾಪ ನೀರಿನಲ್ಲಿ ಏರುವುದಿಲ್ಲ, ಹಸಿವಿನ ಮೇಲೆ ಅದರ ತಡೆ ಬೀಳುವುದಿಲ್ಲ ಎಂದು ಅರ್ಥ ಮಾಡಿಕೊಳ್ಳಬಹುದು. ಇದೇ ಕಾರಣಕ್ಕೆ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಸಂಜೆ ಆಡಿದ ಮಕ್ಕಳಿಗೆ ತಣ್ಣೀರಿನ ಸ್ನಾನದ ನಂತರವೇ ಊಟ ಸೇರುವುದನ್ನು ಹಿರಿಯರು ಕಂಡುಕೊಂಡಿರಬೇಕು. ಇದು ನನ್ನ ಊಹೆ ಮಾತ್ರ. ಮಗಳ ಬ್ಯಾಗಿನಲ್ಲಿ ಚಿಪ್ಸ್ ಇದ್ದರೆ ಚಿಪ್ಸ್ ಹೋಗುತ್ತದೆ, ಅವಲಕ್ಕಿ ಉಂಡೆ, ಬೇಯಿಸಿದ ಮೊಟ್ಟೆ, ಕಡಲೆ ಉಸಲಿ ಇದ್ದರೆ ಅದು ಹೋಗುತ್ತದೆ. ಅಷ್ಟು ನಿಮ್ಮ ಕೈಯಲ್ಲಿದೆ.

ಹೇಮಾವತಿ ತೀರ, ಹಾಸನ

ಎಲ್ಲರಿಗೂ ಕೃತಜ್ಞತೆಗಳು. ಮಗನ ವಿಚಾರದಲ್ಲಿ ಸಮಾಧಾನವಾಯಿತು. ಊಟವನ್ನು ತಡ ಮಾಡಿ ಬಡಿಸುತ್ತಿದ್ದೇನೆ. ಹೆಚ್ಚಿನ ದಿನ ತಾನೇ ಕೇಳಿ ಉಣ್ಣುತ್ತಿದ್ದಾನೆ.

ಮೈಸೂರಿನ ಮೇಡಂ ಕೇಳಿದ ಪ್ರಶ್ನೆಗಳನ್ನು ಮಗಳ ಬಳಿ ನಿಧಾನವಾಗಿ ಮಾತಾಡಿ ತಿಳಿದುಕೊಂಡೆ. ಕಳೆದ ವರ್ಷದ ಶಾಲೆಯ ಆರೋಗ್ಯ ಕಾರ್ಡಿಗಿಂತ ಈಗ ತೂಕ ಕಡಿಮೆ ಇದೆ, ಎತ್ತರ ಸ್ವಲ್ಪ ಹೆಚ್ಚಾಗಿದೆ. ದೀಪಾವಳಿಯ ನಂತರ ಮುಟ್ಟಾಗಿಲ್ಲ. ಈಗ ಶಿವರಾತ್ರಿ ಹತ್ತಿರ ಬಂದಿದೆ. ಓಡುವ ಹುಡುಗಿಯರಿಗೆ ಹೀಗಾಗುವುದು ಸಾಮಾನ್ಯ ಎಂದು ಜೊತೆಯವರು ಹೇಳಿದ್ದರಿಂದ ಅವಳು ನನಗೆ ತಿಳಿಸಿರಲಿಲ್ಲ. ತರಬೇತಿಯಲ್ಲಿ ಹಿರಿಯ ಓಟಗಾರ್ತಿಯೊಬ್ಬಳು ಎರಡು ಕಿಲೋ ಇಳಿಸಿದರೆ ಸಮಯ ಸುಧಾರಿಸುತ್ತದೆ ಎಂದಿದ್ದಳಂತೆ. ಈಗ ಮೊಣಕಾಲಿನ ಕೆಳಗೆ ನೋವು ಎನ್ನುತ್ತಾಳೆ. ನನಗೆ ಗಾಬರಿಯಾಗಿದೆ.

ಮಕ್ಕಳ ವೈದ್ಯ, ಹುಬ್ಬಳ್ಳಿ

ಅಮ್ಮಾ, ಗಾಬರಿ ಬೇಡ, ಆದರೆ ಈ ವಾರವೇ ವೈದ್ಯರಿಗೆ ತೋರಿಸಿ. ಓಡುವ ಹುಡುಗಿಯರಲ್ಲಿ ಮುಟ್ಟು ನಿಲ್ಲುವುದು ಆಗಾಗ ಕಾಣುವ ಸಂಗತಿ ಹೌದು. ಆಗಾಗ ಕಾಣುತ್ತದೆ ಎಂದ ಮಾತ್ರಕ್ಕೆ ಅದು ಸಹಜವಾಗುವುದಿಲ್ಲ. ಮೂರು ತಿಂಗಳು ಮುಟ್ಟು ತಪ್ಪಿದರೆ ಕಾರಣ ಹುಡುಕಲೇಬೇಕು.

ನಿಮ್ಮ ವಿವರಣೆ ಕೇಳಿದಾಗ ನನ್ನ ಮನಸ್ಸಿಗೆ ಮೊದಲು ಬರುವುದು, ವ್ಯಾಯಾಮಕ್ಕೆ ಖರ್ಚಾಗುವುದನ್ನು ತುಂಬಿಕೊಡುವಷ್ಟು ಆಹಾರ ಒಳಗೆ ಹೋಗದಿರುವ ಸ್ಥಿತಿ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ (ಕ್ರೀಡೆಯಲ್ಲಿ ಉಂಟಾಗುವ ಸಾಪೇಕ್ಷ ಶಕ್ತಿ ಕೊರತೆ) ಎಂದು ಹೆಸರಿಟ್ಟು ಮಾರ್ಗಸೂಚಿ ಹೊರಡಿಸಿತು, 2023ರಲ್ಲಿ ಅದನ್ನು ಪರಿಷ್ಕರಿಸಿತು. ಆಹಾರದಿಂದ ಬಂದ ಶಕ್ತಿಯಲ್ಲಿ ವ್ಯಾಯಾಮದ ಖರ್ಚನ್ನು ಕಳೆದು ಉಳಿಯುವ ಪಾಲಿನಿಂದಲೇ ದೇಹದ ಮಿಕ್ಕ ಕೆಲಸಗಳೆಲ್ಲ ನಡೆಯಬೇಕು. ಆ ಪಾಲು ತೀರ ಚಿಕ್ಕದಾದಾಗ ದೇಹವು ಜೀವ ಉಳಿಸಿಕೊಳ್ಳಲು ಅಗತ್ಯವಲ್ಲದ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ. ಮಿದುಳಿನಿಂದ ಅಂಡಾಶಯಕ್ಕೆ ಹೋಗುವ ಹಾರ್ಮೋನಿನ ಸೂಚನೆ ಕುಗ್ಗುತ್ತದೆ, ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನು ಇಳಿಯುತ್ತದೆ, ಮುಟ್ಟು ನಿಲ್ಲುತ್ತದೆ. ಈಸ್ಟ್ರೋಜನ್ ಇಲ್ಲದ ಮೂಳೆ ಗಟ್ಟಿಯಾಗುವುದಿಲ್ಲ. ಮೊಣಕಾಲಿನ ಕೆಳಗಿನ ನೋವನ್ನು ನಾನು ಹಗುರವಾಗಿ ತೆಗೆದುಕೊಳ್ಳದಿರುವುದು ಇದೇ ಕಾರಣಕ್ಕೆ. ಅದು ಮೂಳೆಯ ಸೂಕ್ಷ್ಮ ಬಿರುಕಾಗಿರಬಹುದು, ಮತ್ತು ಆರಂಭದ ದಿನಗಳಲ್ಲಿ ಸಾಮಾನ್ಯ ಎಕ್ಸ್‌ರೇಯಲ್ಲಿ ಅಂಥ ಬಿರುಕು ಕಾಣದೇ ಇರಬಹುದು. ವೈದ್ಯರು ನೋಡುವವರೆಗೆ ಓಟ ನಿಲ್ಲಲಿ.

ಈ ಸ್ಥಿತಿಗೆ ಬಂದವರೆಲ್ಲ ಬೇಕೆಂದೇ ಉಪವಾಸ ಇದ್ದವರಲ್ಲ. ಕಠಿಣ ತರಬೇತಿಯ ನಂತರ ಹಸಿವು ಕಾಣದಿರುವುದರ ಬಗ್ಗೆ ಮೇಲೆ ಚೆನ್ನಾಗಿ ಬರೆದಿದ್ದಾರೆ. ದಿನಕ್ಕೆ ಒಮ್ಮೆಯೋ ಎರಡು ಬಾರಿಯೋ ಹೀಗೆ ಹಸಿವಿನ ಹೊತ್ತು ತಪ್ಪಿ, ಆ ಬಳಿಕ ಬಸ್ಸು, ತರಗತಿ, ಟ್ಯೂಷನ್ ಎಂದು ಊಟದ ಹೊತ್ತೂ ತಪ್ಪಿದರೆ, ಮಗುವಿಗೆ ಗೊತ್ತಿಲ್ಲದೆಯೇ ತಿಂಗಳುಗಳಲ್ಲಿ ದೊಡ್ಡ ಕೊರತೆ ಬೀಳುತ್ತದೆ. ಅದಕ್ಕೆ ತೂಕ ಇಳಿಸು ಎಂಬ ಮಾತೂ ಸೇರಿದರೆ ಕೇಳುವುದೇ ಬೇಡ. ದಪ್ಪಗಿರುವ ಮಗ ಒಂದು ಹೊತ್ತು ಕಡಿಮೆ ಉಂಡರೆ ಕಾಯಬಹುದು. ದೂರದ ಓಟದ ಮಗಳ ವಿಷಯದಲ್ಲಿ ಹಸಿವನ್ನೇ ನಂಬಿಕೊಂಡು ಕೂರುವಂತಿಲ್ಲ, ಗಡಿಯಾರ ನೋಡಿ ತಿನ್ನಿಸಬೇಕು. ಪಿ.ಟಿ. ಮೇಷ್ಟ್ರ ಶೇಂಗಾ ಬೆಲ್ಲದ ಉಪಾಯ ಇಲ್ಲಿಗೆ ಬಹಳ ಸರಿ ಹೊಂದುತ್ತದೆ. ಓಟಕ್ಕೆ ಮೊದಲು ಬಾಳೆಹಣ್ಣು, ಮುಗಿದ ಕೂಡಲೇ ಹಾಲು ಹಾಕಿದ ರಾಗಿ ಗಂಜಿ, ಶಾಲೆಯ ಮೊದಲ ವಿರಾಮಕ್ಕೆ ಚಪಾತಿ ಪಲ್ಯದ ಪೂರ್ತಿ ಡಬ್ಬಿ, ಹೀಗೆ ಒಂದೇ ತಿಂಡಿಯನ್ನು ಮೂರಾಗಿ ಹಂಚಿದರೆ ಹಸಿವಿಲ್ಲದ ಹೊಟ್ಟೆಯೂ ಒಪ್ಪುತ್ತದೆ. ಗಂಜಿಯಂಥ ಕುಡಿಯುವ ಆಹಾರ ಈ ಹೊತ್ತಿನಲ್ಲಿ ಗಟ್ಟಿ ಆಹಾರಕ್ಕಿಂತ ಸುಲಭವಾಗಿ ಒಳಗೆ ಹೋಗುತ್ತದೆ. ಅಂಗಡಿಯ ಪ್ರೋಟೀನ್ ಪುಡಿ ಬೇಕಾಗಿಲ್ಲ.

ವೈದ್ಯರ ಬಳಿ ಹೋಗುವಾಗ ಹಳೆಯ ಆರೋಗ್ಯ ಕಾರ್ಡುಗಳನ್ನು ತೆಗೆದುಕೊಂಡು ಹೋಗಿ. ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ನಮ್ಮ ದೇಶದ 5ರಿಂದ 18 ವರ್ಷದ ಮಕ್ಕಳಿಗಾಗಿ ಪರಿಷ್ಕರಿಸಿದ ಬೆಳವಣಿಗೆಯ ನಕ್ಷೆಗಳಲ್ಲಿ ಹಿಂದಿನ ತೂಕ, ಎತ್ತರಗಳನ್ನು ಗುರುತಿಸಿದರೆ ಯಾವಾಗಿನಿಂದ ಗೆರೆ ಬಾಗಿದೆ ಎಂಬುದು ತಿಳಿಯುತ್ತದೆ. ಮಗನ ಅಳತೆಗಳನ್ನೂ ಅದೇ ನಕ್ಷೆಯಲ್ಲಿ ಗುರುತಿಸಲು ಹೇಳಿ. ಅವನ ತೂಕದ ಬಗ್ಗೆ ಮನೆಯಲ್ಲಿ ನಡೆಯುವ ವಾದ ಅದರಿಂದ ಬಗೆಹರಿಯುತ್ತದೆ. ಮಗಳಿಗೆ ರಕ್ತದ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ದೇಹದಲ್ಲಿ ಕಬ್ಬಿಣಾಂಶದ ಸಂಗ್ರಹ ಎಷ್ಟಿದೆ ಎಂದು ತೋರಿಸುವುದು), ಥೈರಾಯ್ಡ್ ಮತ್ತು ವಿಟಮಿನ್ ಡಿ ಪರೀಕ್ಷೆಗಳು ಬೇಕಾಗಬಹುದು. ಮುಟ್ಟು ನಿಲ್ಲಲು ಬೇರೆ ಕಾರಣಗಳೂ ಇರುವುದರಿಂದ ಉಳಿದ ಹಾರ್ಮೋನುಗಳನ್ನು ನೋಡಬೇಕೇ ಎಂಬುದನ್ನು ಅವರೇ ನಿರ್ಧರಿಸುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಆದ್ದರಿಂದ ಅದನ್ನು ಹುಡುಕದೆ ಬಿಡಬಾರದು. ಮುಟ್ಟು ಬರಿಸಲೆಂದು ಯಾರಾದರೂ ಕೇವಲ ಮಾತ್ರೆ ಬರೆದುಕೊಟ್ಟರೆ, ಮೂಲ ಕಾರಣ ಏನೆಂದು ಕೇಳಿ. ಮಾತ್ರೆಯಿಂದ ಬರುವ ರಕ್ತಸ್ರಾವ ನೋಡಿ ಎಲ್ಲ ಸರಿಯಾಯಿತು ಎಂದುಕೊಳ್ಳುವುದು ಇಂಥ ಸಂದರ್ಭದಲ್ಲಿ ಅಪಾಯಕರ.

ತರಬೇತುದಾರರ ಜೊತೆ ನೀವು ಅಥವಾ ಯಜಮಾನರು ನೇರವಾಗಿ ಮಾತಾಡಿ. ಅವಳ ಮುಂದೆ ತೂಕದ ಮಾತು ಬೇಡ ಎಂದೂ, ವೈದ್ಯರು ಒಪ್ಪುವವರೆಗೆ ಓಟವಿಲ್ಲ ಎಂದೂ ತಿಳಿಸಿ. ಓಟ ಬಿಡಿಸುತ್ತಾರೆ ಎಂಬ ಹೆದರಿಕೆಯಿಂದ ಹುಡುಗಿಯರು ಲಕ್ಷಣಗಳನ್ನು ಮುಚ್ಚಿಡುತ್ತಾರೆ. ಆದ್ದರಿಂದ ಇದು ಶಾಶ್ವತವಾಗಿ ನಿಲ್ಲಿಸುವುದಲ್ಲ, ಚೆನ್ನಾಗಿ ಉಂಡು ಚೇತರಿಸಿಕೊಂಡ ಮೇಲೆ ಮತ್ತೆ ಓಡಬಹುದು ಎಂದು ಮಗಳಿಗೆ ಇವತ್ತೇ ಹೇಳಿಬಿಡಿ. ಪರೀಕ್ಷೆಯ ಫಲಿತಾಂಶ ಬಂದ ನಂತರ ಸಂದೇಹವಿದ್ದರೆ ಇಲ್ಲಿ ಬರೆಯಬಹುದು, ಆದರೆ ಮಗಳ ಹೆಸರು ಮತ್ತು ವರದಿಯ ಚಿತ್ರಗಳನ್ನು ಹಾಕಬೇಡಿ.